ಕಾಲರಿನ ಒಳಗೆ ಬರೆದ ನಂಬರು

...ಅಂಗಿ ನೀಲಿಯದೇ ಆಗಿತ್ತು ಎಂದು ಇಷ್ಟು ದಿನ ಹೇಳುತ್ತ ಬಂದಿದ್ದೇನೆ, ಆದರೆ ಆ ನೀಲಿ ನನ್ನ ಫೋನಿನಲ್ಲಿರುವ ಅಪ್ಪನ ಫೋಟೋದಿಂದ ಬಂದದ್ದೂ ಇರಬಹುದು. ಆ ಫೋಟೋವನ್ನು ಆಮೇಲೆ ಎಷ್ಟು ಸಲ ತೆಗೆದು ನೋಡಿದ್ದೇನೆಂದರೆ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದ ಮನುಷ್ಯನಿಗೂ ಅದರದೇ ಬಣ್ಣ ಹಚ್ಚಿಬಿಟ್ಟಿರಬೇಕು. ನಮ್ಮ ಮನೆಯ ಕೆಳಗಿನ ಮಹಡಿಯಾಕೆ ಅದು ಬೂದಿ ಬಣ್ಣದ ಅಂಗಿ ಅನ್ನುತ್ತಾಳೆ. ಅವಳು ನೋಡಿದ್ದು ಫೋನಿನ ಸಣ್ಣ ಪರದೆಯಲ್ಲಿ, ನಾನು ನೋಡಿದ್ದು ಎದುರಿಗೆ ನಿಂತು. ಹಾಗಂತ ನನ್ನ ಮಾತೇ ನಿಜ ಎಂದು ವಾದಿಸಲು ಧೈರ್ಯ ಸಾಲುವುದಿಲ್ಲ. ನಾವಿಬ್ಬರೂ ಒಪ್ಪುವುದು ಇಷ್ಟೇ: ಅಂಗಿ ಅಪ್ಪನದು, ಅದನ್ನು ತೊಟ್ಟುಕೊಂಡವರು ಅಪ್ಪ ಅಲ್ಲ.

ಇದನ್ನು ಅಲ್ಲಿಂದ ಶುರು ಮಾಡಲಾಗದು. ಮೊದಲು ಗುಲಾಬಿ ಕಾಗದದ ವಿಷಯ ಹೇಳಬೇಕು.

ಅಪ್ಪನದು ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದ ದಿನ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯೊಬ್ಬರು ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಂದು ಗುಲಾಬಿ ಬಣ್ಣದ ಕಾಗದ ಕೊಟ್ಟರು. ಎರಡೂ ಬದಿ ತುಂಬಿತ್ತು. ಹಗಲಲ್ಲಿ ಹಿರಿಯರನ್ನು ನೋಡಿಕೊಳ್ಳುವ ಕೇಂದ್ರ, ಗಾಲಿಕುರ್ಚಿ, ವಾಕರ್, ಗಾಳಿ ಹಾಸಿಗೆ ಎರವಲು ಕೊಡುವ ಟ್ರಸ್ಟು, ಆಯಾಗಳನ್ನು ಕಳಿಸುವ ಬ್ಯೂರೋ, ಮನೆಗೇ ಬರುವ ಡಾಕ್ಟರು, ಹಿರಿಯರ ಸಹಾಯವಾಣಿ, ತಿಂಗಳಿಗೊಮ್ಮೆ ಮಾಟುಂಗಾದಲ್ಲಿ ಸೇರುವ ಮನೆಯವರ ಗುಂಪು. ಎಲ್ಲಕ್ಕಿಂತ ಕೆಳಗೆ, ಅಚ್ಚಾಗಿರದ, ಪೆನ್ನಿನಲ್ಲಿ ಬರೆದ ಒಂದು ಸಾಲು: ನೀವೂ ನಿದ್ದೆ ಮಾಡಿ. ಅದನ್ನು ಅವರು ಎಲ್ಲರಿಗೂ ಬರೆದುಕೊಡುತ್ತಿದ್ದರೋ ನನಗೆ ಮಾತ್ರ ಬರೆದರೋ, ಕೇಳಲಿಲ್ಲ. ಕಾಗದವನ್ನು ಫ್ರಿಜ್ಜಿಗೆ ಅಂಟಿಸಿದೆ. ಸಯನ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ ಸಂಜೆಯ ಬಿಸಿಲು ಫ್ರಿಜ್ಜಿನ ತನಕ ಬರುತ್ತದೆ. ಕಾಗದ ನಿಧಾನವಾಗಿ ಬಿಳಿಯಾಗುತ್ತ ಹೋಯಿತು. ಅಪ್ಪನೂ.

ಅಪ್ಪ ಧಾರಾವಿಯಲ್ಲಿ ಚರ್ಮದ ಚೀಲ ಮಾಡುವ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ತರನಾಗಿದ್ದ. ವಿಜಾಪುರದ ಕಡೆಯಿಂದ ಹದಿನೆಂಟನೇ ವಯಸ್ಸಿಗೆ ಬಂದವನು. ಚರ್ಮವನ್ನು ಮೇಜಿನ ಮೇಲೆ ಹರವಿ, ಕಣ್ಣು ಮುಚ್ಚಿ ಬೆರಳಲ್ಲಿ ಸವರಿ, ದನದ ಮೈಮೇಲೆ ಎಂದೋ ಆಗಿದ್ದ ಗಾಯ ಎಲ್ಲಿದೆ ಎಂದು ಹೇಳುತ್ತಿದ್ದ. ಇದನ್ನು ನಾನೇ ನೋಡಿದ್ದೆನೋ, ಅವ್ವ ಹೇಳಿದ್ದನ್ನು ನೋಡಿದೆ ಅಂದುಕೊಂಡಿದ್ದೇನೋ ಹೇಳಲಾರೆ. ಅವನ ಬೆರಳು ಮಾತ್ರ ನೆನಪಿನದಲ್ಲ. ಅವು ಕೊನೆಯ ತನಕ ಕೆಲಸ ಮಾಡಿದವು. ದಿನಪತ್ರಿಕೆಯನ್ನು ಟೀಪಾಯಿಯ ಮೇಲೆ ಹರವಿ ಗಂಟೆಗಟ್ಟಲೆ ಸವರುತ್ತಿದ್ದವು.

ಮಾಟುಂಗಾದ ಗುಂಪಿನಲ್ಲಿ ಉಪದೇಶ ಇರಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸುತ್ತ ಕೂತು ಒಬ್ಬೊಬ್ಬರು ತಮ್ಮ ಮನೆಯಲ್ಲಿ ಫಲಿಸಿದ ಒಂದೊಂದು ಉಪಾಯ ಹೇಳುತ್ತಿದ್ದರು. ಒಬ್ಬರು ಸಂಡಾಸಿನ ಬಾಗಿಲಿಗೆ ಕೆಂಪು ಬಣ್ಣ ಬಳಿಸಿದ್ದರು, ಈಗ ಅವರ ಮಾವನಿಗೆ ದಾರಿ ಸಿಗುತ್ತಿತ್ತು. ಇನ್ನೊಬ್ಬಾಕೆ ಮನೆಯ ಕನ್ನಡಿಗಳನ್ನೆಲ್ಲ ಮುಚ್ಚಿದ್ದಳು, ಅವುಗಳೊಳಗಿನ ಮುದುಕಿಗೆ ಅವಳ ಅತ್ತೆ ದಿನವೂ ಚಹಾ ಕೊಡಲು ಹೋಗಿ ಚೆಲ್ಲುತ್ತಿದ್ದಳಂತೆ. ಎಲ್ಲರೂ ನಗುತ್ತಿದ್ದೆವು. ಆ ನಗು ಹೊರಗೆ ಯಾರಿಗಾದರೂ ಕೇಳಿದ್ದರೆ ಮದುವೆಯ ಮಾತುಕತೆ ಅಂದುಕೊಂಡಾರು. ಅಲ್ಲಿಂದ ನಾನು ಹೊತ್ತು ತಂದದ್ದು ನಾಲ್ಕು ಮಾತು. ಅವರ ಫೋಟೋ ಯಾವಾಗಲೂ ಫೋನಿನಲ್ಲಿರಲಿ. ಒಂದು ಕೀಲಿಕೈ ನೆರೆಯವರ ಹತ್ತಿರ ಇರಲಿ. ಬಾಗಿಲ ಒಳಗೆ ಕಪ್ಪು ಕಾಲೊರಸು ಹಾಕಿ, ಅದು ಅವರಿಗೆ ಗುಂಡಿಯ ಹಾಗೆ ಕಾಣುತ್ತದೆ, ದಾಟಿ ಹೊರಗೆ ಹೋಗುವುದಿಲ್ಲ. ಅಂಗಿಯ ಕಾಲರಿನ ಒಳಗೆ ನಿಮ್ಮ ನಂಬರು ಬರೆಯಿರಿ.

ಬಟ್ಟೆಗೆ ಗುರುತು ಹಾಕುವ ಪೆನ್ನು ತಂದು ಕೂತಾಗ ಅಪ್ಪ ಅದನ್ನು ನನ್ನ ಕೈಯಿಂದ ಕಸಿದುಕೊಂಡ. ಆಗ ಅವನಿಗೆ ಎಲ್ಲ ಗೊತ್ತಾಗುತ್ತಿತ್ತು, ಅಂದರೆ ಏನಾಗುತ್ತಿದೆ ಎಂಬುದೂ.

“ತಾ ಇಲ್ಲೆ. ಮಾಲಿನ ಮ್ಯಾಲ ಮಾರ್ಕ ಹಾಕೂದು ನಿನಗೇನ್ ಬರ್ತದ?”

“ನೀನs ಬರಿ ಹಂಗಾರ. ನಂಬರ ಹೇಳ್ತೀನಿ.”

“ಕಳದ್ರ ಮಾಲು ವಾಪಸ್ ಬರಬೇಕಲ್ಲ,” ಎಂದು ನಕ್ಕ. ಆಮೇಲೆ ಆರು ಅಂಗಿಗಳ ಕಾಲರು ಬಿಡಿಸಿ, ನಾಲಿಗೆಯ ತುದಿ ಹೊರಗೆ ಹಾಕಿಕೊಂಡು, ನನ್ನ ನಂಬರನ್ನು ಆರು ಸಲ ಬರೆದ. ಏಳಕ್ಕೆ ನಡುವೆ ಅಡ್ಡಗೆರೆ ಎಳೆಯುತ್ತಿದ್ದ, ಕಾರ್ಖಾನೆಯ ಅಭ್ಯಾಸ. ಆ ಅಡ್ಡಗೆರೆಯ ಬಗ್ಗೆ ನನಗೆ ಅನುಮಾನವಿಲ್ಲ. ಈ ಬರಹದಲ್ಲಿ ಅನುಮಾನವಿಲ್ಲದ್ದು ಬಹುಶಃ ಅದೊಂದೇ.

ಕಪ್ಪು ಕಾಲೊರಸು ಕೂಡ ಫಲಿಸಿತು. ಮೊದಲ ದಿನ ಅದರ ಅಂಚಿಗೆ ಬಂದು ನಿಂತು, ಬಗ್ಗಿ ನೋಡಿ, ನನ್ನ ತೋಳು ಹಿಡಿದು ಹಿಂದೆ ಎಳೆದ. “ಬಾವಿ ತೋಡ್ಯಾರ ಇಲ್ಲೆ. ಹುಷಾರ್.” ಅಂದಿನಿಂದ ನಾನು ಬಾವಿಯ ಮೇಲೆ ನಡೆದು ಹಾಲು ತರುವವಳಾದೆ, ಬಾವಿಯ ಮೇಲೆ ನಿಂತು ಕೊರಿಯರಿಗೆ ಸಹಿ ಹಾಕುವವಳಾದೆ. ಅಪ್ಪ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಇದು ಅವನ ಒಳ್ಳೆಯದಕ್ಕೆ ಮಾಡಿದ್ದು. ಆದರೂ ಸ್ವಂತ ಅಪ್ಪನ ಮನೆಯೊಳಗೆ ನಾನೇ ಬಾವಿ ತೋಡಿದವಳು ಎಂಬುದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಎರಡನೇ ವರ್ಷಕ್ಕೆ ಅಪ್ಪ ಸಣಕಲಾದ. ಅಂಗಿಗಳು ಹೆಗಲಿನಿಂದ ಜಾರುತ್ತಿದ್ದವು. ಗುಂಡಿಗಳೊಂದಿಗೆ ಬೆಳಿಗ್ಗೆ ಬೆಳಿಗ್ಗೆ ಜಗಳ. ಮುಂದೆ ಪಟ್ಟಿ ಅಂಟಿಸುವ ಬನಿಯನ್ನುಗಳನ್ನು ತಂದೆ. ಎರವಲು ಕೊಡುವ ಟ್ರಸ್ಟಿಗೆ ವಾಕರ್ ವಾಪಸು ಕೊಟ್ಟು, ಹೊರಗೆ ಕರೆದೊಯ್ಯಲು ಗಾಲಿಕುರ್ಚಿ ತರಲು ಹೋದ ದಿನ ಆರು ಅಂಗಿಗಳನ್ನೂ ಒಗೆದು ಇಸ್ತ್ರಿ ಮಾಡಿಸಿ ತೆಗೆದುಕೊಂಡು ಹೋದೆ. ಅಲ್ಲಿ ಬಾಗಿಲ ಹತ್ತಿರ ಒಂದು ಶೆಲ್ಫ್ ಇತ್ತು. ಬೇಡವಾದವರು ಬಟ್ಟೆ ಇಡಬಹುದು, ಬೇಕಾದವರು ಒಯ್ಯಬಹುದು. ಅಂಗಿಗಳನ್ನು ಒಂದರ ಮೇಲೊಂದು ಚೊಕ್ಕವಾಗಿ ಜೋಡಿಸಿಟ್ಟೆ. ಕಾಲರು ಮೇಲಕ್ಕೆ ಕಾಣುವಂತೆಯೇ ಇಟ್ಟೆ. ನಂಬರಿನ ನೆನಪು ಬರಲಿಲ್ಲ. ಮರೆವು ನಮ್ಮ ಮನೆಯಲ್ಲಿ ಒಬ್ಬರದೇ ಕಾಯಿಲೆ ಎಂದು ನಾನು ತಿಳಿದಿದ್ದೆ.

ಫೋನು ಬಂದದ್ದು ಕೆಲವು ತಿಂಗಳ ಮೇಲೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಆ ದಿನ ಬ್ಯೂರೋದ ಆಯಾ ಬಂದಿರಲಿಲ್ಲ. ಅಪ್ಪ ನನ್ನೆದುರಿಗೇ ಕೂತು ಪತ್ರಿಕೆ ಸವರುತ್ತಿದ್ದ. ಮರಾಠಿಯಲ್ಲಿ ಒಂದು ಹೆಣ್ಣು ದನಿ: ನಿಮ್ಮ ತಂದೆ ವಿಲೆ ಪಾರ್ಲೆ ಸ್ಟೇಷನ್ನಿನಲ್ಲಿ ಸಿಕ್ಕಿದ್ದಾರೆ, ಬಂದು ಕರೆದುಕೊಂಡು ಹೋಗಿ. ನಾನು ಅಪ್ಪನನ್ನು ನೋಡಿದೆ. ಅಪ್ಪನೂ ನನ್ನನ್ನು ನೋಡಿದ. ಅವನನ್ನೇ ನೋಡುತ್ತ ನಾನು ಕೇಳಿದೆ, “ಅವರು ಆರಾಮಾಗಿದ್ದಾರಾ?”

ಇದನ್ನು ಎಷ್ಟು ಸಲ ಬರೆದು ಹೊಡೆದು ಹಾಕಿದ್ದೇನೆ. ಆದರೆ ನಾನು ಕೇಳಿದ್ದು ಅದನ್ನೇ. ಇಬ್ಬರು ಅಪ್ಪಂದಿರು ಇರುವುದು ಒಂದು ಕ್ಷಣ ನನಗೆ ಸಹಜವಾಗಿ ಕಂಡಿತು. ಒಬ್ಬ ಇಲ್ಲಿ ಕೂತಿದ್ದಾನೆ, ಕಳೆದು ಹೋಗಿದ್ದ ಇನ್ನೊಬ್ಬ ಸಿಕ್ಕಿದ್ದಾನೆ.

ಆಮೇಲೆ ಎಚ್ಚರಾದಂತಾಗಿ, ನನ್ನ ತಂದೆ ಮನೆಯಲ್ಲೇ ಇದ್ದಾರೆ ಅಂದೆ. “ಅದನ್ನು ಇಲ್ಲಿ ಬಂದು ಹೇಳಿ,” ಎಂದಳು ಆಕೆ. ರೈಲ್ವೆ ಪೊಲೀಸ್ ಕಾನ್ಸ್‌ಟೇಬಲ್ ಅಂತೆ. ಕಾಲರಿನಲ್ಲಿ ನನ್ನ ನಂಬರು ಇದೆಯಂತೆ. ಆಗ ಶೆಲ್ಫ್ ನೆನಪಾಯಿತು. ಯಾರದೋ ಮನೆಯ ಮುದುಕರು, ಅಪ್ಪನ ಅಂಗಿಯಲ್ಲಿ. ಅವರ ಮನೆಯವರ ನಂಬರು ಇರಬೇಕಾದ ಜಾಗದಲ್ಲಿ ನನ್ನದಿತ್ತು. ನಾನು ಹೋಗದಿದ್ದರೆ ಅವರಿಗೆ ಯಾರೂ ಇಲ್ಲ.

ಕೆಳಗಿನ ಮಹಡಿಯಾಕೆಗೆ ಮೂರು ಸಲ ಫೋನು ಮಾಡಿದೆ. ಎತ್ತಲಿಲ್ಲ. ನಮ್ಮ ಮನೆಯ ಕೀಲಿಕೈ ಅವಳ ಹತ್ತಿರ ಇರುತ್ತಿತ್ತು. ಅಪ್ಪನ ಪಕ್ಕ ನೀರಿಟ್ಟು, ಕಾಲೊರಸನ್ನು ನೇರ ಮಾಡಿ, ಹೊರಗಿನಿಂದ ಬೀಗ ಹಾಕಿದೆ. ಹಾಗೆ ಹಿಂದೆಂದೂ ಮಾಡಿರಲಿಲ್ಲ. ಗುಂಪಿನಲ್ಲಿ ಇದನ್ನಂತೂ ಮಾಡಲೇಬೇಡಿ ಎಂದು ಹೇಳುತ್ತಿದ್ದರು. ಒಂದು ಗಂಟೆಯಲ್ಲಿ ಬಂದುಬಿಡುತ್ತೇನೆ ಅಂದುಕೊಂಡೆ. ಸಯನ್‌ನಿಂದ ದಾದರಿಗೆ ಹೋಗಿ, ಸೇತುವೆ ದಾಟಿ, ಆ ಕಡೆಯ ಸ್ಲೋ ಲೋಕಲ್ ಹಿಡಿದು ವಿಲೆ ಪಾರ್ಲೆಗೆ ಹೋಗಿ ವಾಪಸು ಬರಲು ಒಂದು ಗಂಟೆ ಸಾಲುವುದಿಲ್ಲ ಎಂದು ಈ ಊರಲ್ಲಿ ಹುಟ್ಟಿದ ನನಗೆ ಗೊತ್ತಿರಲಿಲ್ಲವೇ?

ಲೋಕಲ್ಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಒಣಹಾಕಿದ ಬಟ್ಟೆಗಳ ಸಾಲು ಹಿಂದಕ್ಕೆ ಹೋಗುತ್ತಿತ್ತು, ಬಾಲ್ಕನಿಗೊಂದು, ಗ್ರಿಲ್ಲಿಗೊಂದು. ಪ್ರತಿ ಅಂಗಿಯ ಕಾಲರಿನೊಳಗೂ ನನ್ನ ನಂಬರು ಇರುವಂತೆ, ಊರಿನ ಅಷ್ಟೂ ಮುದುಕರನ್ನು ಕರೆದುಕೊಂಡು ಬರಲು ನಾನೊಬ್ಬಳೇ ಹೊರಟಿರುವಂತೆ ಅನಿಸಿತು. ಮಾಹಿಮ್‌ನ ಹತ್ತಿರ ರೈಲು ನಿಂತಿತು. ಎಷ್ಟು ಹೊತ್ತು ಎಂದು ನನ್ನನ್ನು ಕೇಳಬಾರದು.

ಅವರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದರು. ಅಪ್ಪನಿಗಿಂತ ಉದ್ದ, ಸಣಕಲು, ನಾಲ್ಕು ದಿನದ ಬಿಳಿ ಗಡ್ಡ. ಅಂಗಿಯ ತೋಳು ಮಣಿಕಟ್ಟಿನಿಂದ ಮೇಲಕ್ಕೆ ನಿಂತಿತ್ತು. ನನ್ನನ್ನು ಕಂಡದ್ದೇ ಮುಖ ಬೆಳಗಿತು. “ಆಲೀಸ್?” ಎಂದರು. ಬಂದೆಯಾ ಎಂದು ಮರಾಠಿಯಲ್ಲಿ ಮಗಳನ್ನು ಕೇಳುವ ದನಿ. ನಾನು ಹೂಂ ಅಂದುಬಿಟ್ಟೆ. ಬಂದದ್ದಂತೂ ನಿಜ ತಾನೇ.

ಕಾನ್ಸ್‌ಟೇಬಲ್ ಇದನ್ನೆಲ್ಲ ನೋಡುತ್ತಿದ್ದಳು. ನನ್ನ ವಯಸ್ಸಿಗಿಂತ ಚಿಕ್ಕವಳು, ಬಿಗಿಯಾಗಿ ಕಟ್ಟಿದ ತುರುಬು. ಅಂಗಿ ನಮ್ಮದು, ಮನುಷ್ಯ ನಮ್ಮವರಲ್ಲ ಎಂದು ನಾನು ವಿವರಿಸಿದೆ. ಅವಳು ತಲೆಯಾಡಿಸಿದಳು, ನಂಬುವವರ ತಲೆಯಾಟ ಅದಲ್ಲ. ನಿಮ್ಮ ತಂದೆಯ ಫೋಟೋ ಇದ್ದರೆ ತೋರಿಸಿ ಅಂದಳು. ಇದೆ, ಯಾವಾಗಲೂ ಇರುತ್ತದೆ! ಗುಂಪಿನ ಸಲಹೆಯನ್ನು ತಪ್ಪದೆ ಪಾಲಿಸಿದ್ದೆ. ತೆಗೆದು ಕೊಟ್ಟೆ. ಅವಳು ಫೋಟೋ ನೋಡಿದಳು, ಬೆಂಚನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ಸಣಕಲು ಮುದುಕ, ಬಿಳಿ ಗಡ್ಡ, ಅದೇ ನೀಲಿ ಅಂಗಿ.

ನಾನೂ ನೋಡಿದೆ. ಆಗ ನನಗೂ ಖಾತ್ರಿಯಾಗಲಿಲ್ಲ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಕೆಳಗಿನ ಮಹಡಿಯಾಕೆ, ಕುಂದಾಪುರದ ಕಡೆಯವಳು. “ಎಂತ ಮಾರಾಯ್ತಿ, ಇಷ್ಟು ಸಲ ಫೋನು? ನಾನು ಮೀನು ತರ್ಲಿಕ್ಕೆ ಹೋದದ್ದು.” ನಾನು ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳಿದೆ: ಅಪ್ಪ ಒಬ್ಬನೇ ಇದ್ದಾನೆ, ಬೀಗ ಹಾಕಿದ್ದೇನೆ, ಬೇಗ ಹೋಗು. ಫೋನಿಡುವಷ್ಟರಲ್ಲಿ ಕಾನ್ಸ್‌ಟೇಬಲ್‌ಳ ಭಾಷೆ ಬದಲಾಗಿತ್ತು.

“ಕನ್ನಡದವ್ರ ನೀವು? ನಮ್ದು ಜತ್ತ ಕಡೆ, ವಿಜಾಪುರದ ಬಾಜೂಕ,” ಅಂದಳು. ನನಗೆ ಜೀವ ಬಂದಂತಾಯಿತು. ಅವಳು ನಗಲಿಲ್ಲ. “ಆದ್ರ ಅಕ್ಕಾ, ಸುಳ್ಳು ಕನ್ನಡದಾಗೂ ಹೇಳಾಕ ಬರ್ತದ.”

“ನಾನ್ಯಾಕ ಸುಳ್ಳು ಹೇಳಲಿ?”

“ಹೋದ ತಿಂಗಳ ಒಬ್ಬಾಂವ ಬಂದಿದ್ದ. ತನ್ನ ಅವ್ವನ ಮುಂದs ನಿಂತು ಈಕಿ ಯಾರೋ ಗೊತ್ತಿಲ್ಲ ಅಂದ. ಆ ಮುದಕಿ ಅಂವನ ಕಿಸೆಕ್ಕ ಕೈ ಹಾಕಿ ಕರ್ಚೀಫ್ ತಗದು ಮೂಗು ಒರಸ್ಕೊಂಡ್ಳು. ಆಮ್ಯಾಲ ಕರಕೊಂಡು ಹೋದ.” ಅವಳು ನನ್ನ ಫೋನನ್ನು ಮತ್ತೆ ಕೈಗೆ ತೆಗೆದುಕೊಂಡಳು. “ನಾ ಫೋನ್ ಮಾಡಿದಾಗ ನೀವು ಏನ್ ಕೇಳಿದ್ರಿ? ಆರಾಮ ಅದಾರೇನು ಅಂದ್ರಿ. ಯಾರದೋ ಅಪ್ಪಗ ಹಂಗ ಕೇಳ್ತಾರೇನ್ರಿ?”

ಬೆಂಚಿನ ಮೇಲಿದ್ದವರು ನನ್ನ ಚೀಲದ ಪಟ್ಟಿಯನ್ನು ಹಿಡಿದುಕೊಂಡಿದ್ದರು. ಸಯನ್‌ನಲ್ಲಿ ಅಪ್ಪ ಬಾವಿಯ ಅಂಚಿನಲ್ಲಿದ್ದ.

ಫೋನು ಮತ್ತೆ ಬಂತು, ಈ ಸಲ ವಿಡಿಯೋ. ಕೆಳಗಿನ ಮಹಡಿಯಾಕೆ ಬೀಗ ತೆಗೆದು ಒಳಗೆ ಹೋಗಿದ್ದಳು. ಕಾನ್ಸ್‌ಟೇಬಲ್ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. “ಮುದುಕರನ್ನ ತೋರಸ್ರಿ.” ಅಪ್ಪನ ಮುಖ ಬಂತು, ತೀರಾ ಹತ್ತಿರ, ಮೂಗು ಮತ್ತು ಒಂದು ಕಣ್ಣು. “ಅಜ್ಜ, ಸ್ವಲ್ಪ ಹಿಂದೆ ಬನ್ನಿ ನೋಡುವ,” ಎಂದು ಕೆಳಗಿನ ಮಹಡಿಯಾಕೆಯ ದನಿ. ಕಾನ್ಸ್‌ಟೇಬಲ್ ಫೋನನ್ನು ಬೆಂಚಿನ ಮೇಲಿದ್ದವರ ಎದುರಿಗೆ ಹಿಡಿದಳು. ಅವರು ಪರದೆಗೆ ಕೈ ಮುಗಿದರು. ಅಪ್ಪ ಅವರನ್ನು ನೋಡಿದ. ಒಂದು ಲೋಕಲ್ ಬಂತು, ನಿಂತಿತು, ಹೋಯಿತು. ಅಷ್ಟು ಹೊತ್ತೂ ಇಬ್ಬರೂ ನೋಡುತ್ತಲೇ ಇದ್ದರು.

ಆಗ ಅಪ್ಪ ಮಾತಾಡಿದ. ಮೂರು ವಾರಗಳಿಂದ ಒಂದು ಪೂರ್ತಿ ವಾಕ್ಯ ಅವನ ಬಾಯಿಂದ ಬಂದಿರಲಿಲ್ಲ. ನನಗೆ ಕೇಳಿಸಿದ್ದು, “ಆ ಅಂಗಿ ನಂದು.” ಕೆಳಗಿನ ಮಹಡಿಯಾಕೆ, ಅಪ್ಪನ ಪಕ್ಕದಲ್ಲೇ ನಿಂತಿದ್ದವಳು, ಅವನು ಹಾಗೆ ಅಂದೇ ಇಲ್ಲ ಅನ್ನುತ್ತಾಳೆ. ಅವನು ಅಂದದ್ದು, “ತೋಳು ಗಿಡ್ಡ ಆಗ್ಯಾವ ಅಂವಗ,” ಅಂತೆ. ಕಟಿಂಗ್ ಮಾಸ್ತರ ಆಡುವ ಮಾತು ಎರಡನೆಯದು. ಮಗಳು ಕೇಳಿಸಿಕೊಳ್ಳಲು ಬಯಸುವ ಮಾತು ಮೊದಲನೆಯದು. ಅದಕ್ಕೇ ನನ್ನ ಕಿವಿಯನ್ನು ನಾನು ನಂಬುವುದಿಲ್ಲ. ರೈಲಿನ ಸದ್ದೂ ಇತ್ತು.

ಕಾನ್ಸ್‌ಟೇಬಲ್ ಫೋನು ವಾಪಸು ಕೊಟ್ಟಳು. “ಬ್ಯಾರೇನs ಅದಾರ,” ಅಂದಳು. ಕ್ಷಮೆ ಕೇಳಲಿಲ್ಲ. ಚಹಾ ತರಿಸಿದಳು, ನನಗೂ ಅವರಿಗೂ.

ಟ್ರಸ್ಟಿಗೆ ಫೋನು ಮಾಡಿದೆ. ಗಾಲಿಕುರ್ಚಿ ಯಾರು ಒಯ್ದರೆಂದು ಬರೆದಿಡುತ್ತೇವೆ, ಶೆಲ್ಫಿನ ಬಟ್ಟೆ ಯಾರು ಒಯ್ದರೆಂದು ಹೇಗೆ ಹೇಳುವುದು ಎಂದರು. ಗುಲಾಬಿ ಕಾಗದ ಕೊಟ್ಟಿದ್ದ ಸಮಾಜ ಕಾರ್ಯಕರ್ತೆಗೆ ಫೋನು ಮಾಡಿದೆ. ಅವರು ಗಾಬರಿಯಾಗದೆ ಒಂದೊಂದಾಗಿ ಹೇಳಿದರು: ಹಿರಿಯರ ಸಹಾಯವಾಣಿಗೆ ತಿಳಿಸಿ, ಕಾಣೆಯಾದವರ ದೂರು ಯಾವ ಠಾಣೆಯಲ್ಲಾದರೂ ಬಂದಿದೆಯಾ ಎಂದು ಪೊಲೀಸರು ವಿಚಾರಿಸಲಿ, ಮುಖ, ಕೈ, ಚಪ್ಪಲಿ ಮೂರರದೂ ಫೋಟೋ ತೆಗೆಯಿರಿ, ಮುಖಕ್ಕಿಂತ ಬೇಗ ಚಪ್ಪಲಿಯನ್ನು ಮನೆಯವರು ಗುರುತಿಸುತ್ತಾರೆ. ಕಾನ್ಸ್‌ಟೇಬಲ್ ಫೋಟೋ ತೆಗೆದಳು. ಕಂದು ಚಪ್ಪಲಿ, ಎಡಗಾಲಿನದು ಒಂದು ಕಡೆ ಹೊಲಿದದ್ದು. ಯಾರೋ ಅಕ್ಕರೆಯಿಂದ ಹೊಲಿಸಿದ್ದು. ಅವರಿಗೆ ಮನೆ ಇತ್ತು.

ಕೆಳಗಿನ ಮಹಡಿಯಾಕೆ ಮೂರನೇ ಸಲ ಫೋನು ಮಾಡಿ, “ಅಜ್ಜ ನಿನ್ನ ಹುಡುಕ್ತಿದ್ದಾರೆ ಅಂತ ಕಾಣ್ತದೆ, ಬಾಗಿಲ ಹತ್ರವೇ ನಿಂತಿದ್ದಾರೆ,” ಎಂದಳು. ನಾನು ಎದ್ದೆ. ಅವರೂ ಎದ್ದರು. ಚಹಾದ ಕಪ್ಪು ಕೆಳಗಿಟ್ಟು, ಅಂಗಿಯ ಮುಂಭಾಗ ಸರಿಮಾಡಿಕೊಂಡು, ಮನೆಗೆ ಹೊರಟವರ ಹಾಗೆ ನಿಂತರು. ಅವರ ಬೆರಳುಗಳನ್ನು ನನ್ನ ಚೀಲದ ಪಟ್ಟಿಯಿಂದ ನಾನೇ ಬಿಡಿಸಿದೆ, ಒಂದೊಂದಾಗಿ. “ನೀವು ಹೋಗ್ರಿ ಅಕ್ಕಾ, ನಾ ಅದೀನಿ,” ಅಂದಳು ಕಾನ್ಸ್‌ಟೇಬಲ್. ತಿರುಗಿ ನೋಡಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನೋಡಿದೆನೋ ಇಲ್ಲವೋ ತಿಳಿಯದು.

ಮನೆಯಲ್ಲಿ ಅಪ್ಪ ಕಪ್ಪು ಕಾಲೊರಸಿನ ಆಚೆ ನಿಂತಿದ್ದ. ನಾನು ಅದರ ಮೇಲೆ ಕಾಲಿಟ್ಟಾಗ ಎರಡೂ ಕೈ ಚಾಚಿ ನನ್ನನ್ನು ಎಳೆದುಕೊಂಡ. ಮರುದಿನ ಆ ಕಾಲೊರಸನ್ನು ತೆಗೆದು ಬಾಗಿಲಿನ ಮೇಲೆ ಸಣ್ಣ ಗಂಟೆ ಕಟ್ಟಿದೆ. ಬಾಗಿಲು ತೆರೆದರೆ ಕೇಳಿಸುತ್ತಿತ್ತು.

ಆ ವಾರ ಸ್ಟೇಷನ್ನಿಗೆ ಎರಡು ಸಲ ಫೋನು ಮಾಡಿದೆ. ಮೊದಲ ಸಲ, ತಪಾಸಣೆಗೆ ಆಸ್ಪತ್ರೆಗೆ ಕಳಿಸಿದ್ದೇವೆ ಎಂದರು. ಎರಡನೇ ಸಲ ಬೇರೆ ಪಾಳಿಯವರಿದ್ದರು, ಜತ್ತ ಕಡೆಯವಳು ರಜೆಯಲ್ಲಿದ್ದಳು. ಮೂರನೇ ಸಲ ಮಾಡಲಿಲ್ಲ. ಅಪ್ಪನಿಗೆ ಜ್ವರ ಬಂತು ಎಂದು ಹೇಳಬಹುದು, ಬಂದದ್ದೂ ನಿಜ. ಜ್ವರ ಇಳಿದ ಮೇಲೂ ಮಾಡಲಿಲ್ಲ.

ಅಪ್ಪ ಈಗಿಲ್ಲ. ಗಾಲಿಕುರ್ಚಿಯನ್ನು ಟ್ರಸ್ಟಿಗೆ ವಾಪಸು ಕೊಟ್ಟೆ, ಮುಂದಿನವರು ಬಾಗಿಲಲ್ಲೇ ಕಾಯುತ್ತಿದ್ದರು. ಮಾಟುಂಗಾದ ಗುಂಪಿಗೆ ಈಗಲೂ ಹೋಗುತ್ತೇನೆ. ಹೊಸದಾಗಿ ಬಂದವರಿಗೆ ನನ್ನ ಪಾಲಿನ ಉಪಾಯ ಹೇಳುತ್ತೇನೆ: ಕಾಲರಿನಲ್ಲಿ ನಂಬರು ಬರೆಯಿರಿ, ಅಂಗಿ ಕೊಟ್ಟುಬಿಡುವಾಗ ಆ ಕಾಲರನ್ನು ಕತ್ತರಿಸಿ ತೆಗೆಯಿರಿ. ಅವರು ಬರೆದುಕೊಳ್ಳುತ್ತಾರೆ. ಯಾಕೆ ಎಂದು ಯಾರೂ ಕೇಳಿಲ್ಲ. ಉಳಿದ ಐದು ಅಂಗಿಗಳು ಊರಲ್ಲಿ ಎಲ್ಲೋ ಇವೆ, ಅಡ್ಡಗೆರೆಯ ಏಳಿನೊಂದಿಗೆ. ಆ ನಂಬರನ್ನು ನಾನು ಬದಲಿಸಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೂ ಎತ್ತುತ್ತೇನೆ. ಹೆಚ್ಚಾಗಿ ಸಾಲ ಬೇಕಾ ಎಂದು ಕೇಳುವವರು.

ವಿಲೆ ಪಾರ್ಲೆಯ ಆ ಬೆಂಚಿನ ಮೇಲಿದ್ದವರ ಹೆಸರು ನನಗೆ ಗೊತ್ತಿಲ್ಲ. ಅವರು ಮನೆ ಸೇರಿದರೋ ಇಲ್ಲವೋ, ಅದೂ ಗೊತ್ತಿಲ್ಲ.